ಉಡಕ್ಕೆ ಇಟ್ಟ ಮೊದಲ ಹೆಸರು

(ಹುಣಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದಕ್ಷಿಣ ಅಮೆರಿಕದ ಒಂದು ಹಲ್ಲಿಯ ಬಗ್ಗೆ ಮಾತಾಡುತ್ತೇನೆ ಎಂದಾಗ, ಅದಕ್ಕೂ ಹುಣಸೂರಿಗೂ ಎತ್ತಣ ಸಂಬಂಧ ಎಂದು ಕೆಲವರು ನಕ್ಕರು. ನಗಲಿ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ದಕ್ಷಿಣ ಅಮೆರಿಕ ಕಾಲಿಡದ ಹೊಲವನ್ನು ತೋರಿಸುವುದು ಕಷ್ಟ. ಬ್ಯಾರನ್‌ನಲ್ಲಿ ಸೌದೆ ಉರಿಸಿ ಬೇಯಿಸುವ ಹೊಗೆಸೊಪ್ಪು ಅಲ್ಲಿನದು. ಕಡಲೆಕಾಯಿ ಅಲ್ಲಿನದು. ಆಲೂಗಡ್ಡೆ, ಮರಗೆಣಸು ಅಲ್ಲಿನವೇ. ನಾಗರಹೊಳೆಯ ಕಾಡಿನೊಳಗೆ ಆನೆಗೂ ದಾರಿ ಕೊಡದಂತೆ ಹಬ್ಬಿರುವ ಲಂಟಾನವೂ ಅಮೆರಿಕದ ಉಷ್ಣವಲಯದಿಂದ ಬಂದದ್ದು. ಅಲ್ಲಿಂದ ಬಂದ ಗಿಡಗಳಿಂದ ಬದುಕು ಕಟ್ಟಿಕೊಂಡ ನಾವು ಅಲ್ಲಿನ ಒಂದು ಪ್ರಾಣಿಯ ಹೆಸರಿನ ತಕರಾರನ್ನು ಒಂದು ಗಂಟೆ ಕೇಳಿದರೆ ತಪ್ಪೇನಿಲ್ಲ. ಅದರಲ್ಲೂ ಆ ತಕರಾರಿನಲ್ಲಿ ನಮ್ಮ ಉಡ ಸಿಕ್ಕಿಕೊಂಡಿದೆ, ನಮ್ಮ ಬೇಲಿಯ ಓತಿಕ್ಯಾತವೂ ಸಿಕ್ಕಿಕೊಂಡಿದೆ.

ಆ ಪ್ರಾಣಿಯ ಹೆಸರು ತೆಗು. ಬ್ರೆಜಿಲ್, ಪರಾಗ್ವೆ, ಉರುಗ್ವೆ, ಅರ್ಜೆಂಟೀನಗಳಲ್ಲಿ ಕಾಣುವ ಕಪ್ಪು-ಬಿಳಿ ತೆಗು ಮೂತಿಯಿಂದ ಬಾಲದ ತುದಿಯವರೆಗೆ ನಾಲ್ಕಡಿಯಷ್ಟು ಬೆಳೆಯುತ್ತದೆ. ಸೀಳು ನಾಲಗೆಯನ್ನು ಹೊರಚಾಚಿ ನೆಲ ಮೂಸುತ್ತಾ ನಡೆಯುತ್ತದೆ. ಮೊಟ್ಟೆ, ಹುಳು, ಇಲಿ, ಸತ್ತ ಪ್ರಾಣಿ, ಬಿದ್ದ ಹಣ್ಣು ಎಲ್ಲವನ್ನೂ ತಿನ್ನುತ್ತದೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಿಲ ಸೇರಿ ಮಲಗುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದರ ಬಗ್ಗೆ ಅಚ್ಚರಿಯ ಸಂಗತಿಯೊಂದನ್ನು ತಿಳಿಸಿತು: ಬೆದೆಯ ಕಾಲದಲ್ಲಿ ಈ ಪ್ರಾಣಿ ತನ್ನ ಮೈಶಾಖವನ್ನು ಬಿಲದ ಶಾಖಕ್ಕಿಂತ ಹತ್ತು ಡಿಗ್ರಿಯವರೆಗೂ ಏರಿಸಿಕೊಳ್ಳಬಲ್ಲದು. ಹಲ್ಲಿಗಳೆಂದರೆ ಶೀತರಕ್ತದ ಪ್ರಾಣಿಗಳು ಎಂದು ಶಾಲೆಯಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ನಮಗೆ ಇದು ಒಂದು ತಿದ್ದುಪಡಿ.

ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಬೆಳೆದ ಯಾರಿಗಾದರೂ ತೆಗುವಿನ ಚಿತ್ರ ತೋರಿಸಿ, "ಇದು ಉಡ ಅಲ್ಲವೇ" ಎನ್ನುತ್ತಾರೆ. ಅವರೊಬ್ಬರೇ ಅಲ್ಲ, ಪ್ಯಾರಿಸ್ಸಿನ ಪಂಡಿತರೊಬ್ಬರೂ ಹಾಗೆಯೇ ಅಂದುಕೊಂಡಿದ್ದರು. ಫ್ರಾನ್ಸಿನ ಫ್ರಾನ್ಸ್ವಾ ಮಾರಿ ದೊದಾಂ ಬಾಲ್ಯದ ಕಾಯಿಲೆಯಿಂದ ಕಾಲುಗಳ ಸ್ವಾಧೀನ ಕಳೆದುಕೊಂಡವರು. ಕಾಡು ಸುತ್ತಲಾರದೆ ಸಂಗ್ರಹಾಲಯದ ಬಾಟಲಿಗಳಲ್ಲೇ ಜಗತ್ತಿನ ಸರೀಸೃಪಗಳನ್ನು ಕಂಡವರು. ಮೂವತ್ತು ತುಂಬುವ ಮೊದಲೇ, 1803ರಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷ, 1802ರಲ್ಲಿ, ತಮ್ಮ ದೊಡ್ಡ ಗ್ರಂಥದಲ್ಲಿ ಅವರು ತೆಗುಗಳಿಗಾಗಿ ತುಪಿನಾಂಬಿಸ್ ಎಂಬ ಕುಲವನ್ನು ಮಾಡಿದರು. ಅದೇ ಕುಲಕ್ಕೆ ಭಾರತದ ಉಡವನ್ನೂ ಸೇರಿಸಿ ತುಪಿನಾಂಬಿಸ್ ಬೆಂಗಾಲೆನ್ಸಿಸ್ ಎಂದು ಹೆಸರಿಟ್ಟರು. ನಮ್ಮ ಉಡ ವಿಜ್ಞಾನದ ದಾಖಲೆಗೆ ಬಂದದ್ದು ದಕ್ಷಿಣ ಅಮೆರಿಕದ ತೆಗುವಿನ ಮನೆತನದ ಹೆಸರಿನಲ್ಲಿ! ವರಾನಸ್ ಎಂಬ ಈಗಿನ ಕುಲನಾಮ ಬಂದದ್ದು 1820ರಲ್ಲಿ. ಉಡ ಈಗ ವರಾನಸ್ ಬೆಂಗಾಲೆನ್ಸಿಸ್.

ಹಾಗಾದರೆ ಎರಡನ್ನೂ ಬೇರೆ ಮಾಡುವುದು ಹೇಗೆ? ಬಣ್ಣ ಬಿಡಿ, ಗಾತ್ರ ಬಿಡಿ, ತಲೆಯನ್ನು ಮೇಲಿನಿಂದ ನೋಡಿ. ತೆಗುವಿನ ತಲೆಯ ಮೇಲೆ ಎಡಬಲ ಸರಿಹೊಂದುವ ದೊಡ್ಡ ದೊಡ್ಡ ಫಲಕಗಳಿವೆ. ಉಡದ ತಲೆಯ ಮೇಲೆ ಅಂಥ ಫಲಕವೇ ಇಲ್ಲ, ಎಲ್ಲವೂ ಸಣ್ಣ ಹುರುಪೆ. ತೆಗುವಿನ ತೊಡೆಯ ಒಳಬದಿಯಲ್ಲಿ ಸಾಲು ರಂಧ್ರಗಳಿರುತ್ತವೆ, ಉಡಕ್ಕೆ ಅವಿಲ್ಲ. ಉಡದ ಬಾಲ ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾಗಿದ್ದು, ಕಡಿದುಹೋದರೆ ಮತ್ತೆ ಬೆಳೆಯುವುದಿಲ್ಲ. ತೆಗುವಿನ ಬಾಲ ದುಂಡಗಿದ್ದು, ಶತ್ರುವಿನ ಕೈಯಲ್ಲಿ ತುಂಡು ಬಿಟ್ಟು ಓಡಲು ನೆರವಾಗುತ್ತದೆ. ಇನ್ನು ವಂಶವೃಕ್ಷದ ಮಾತು. ಡಿಎನ್‌ಎ ಆಧಾರದ ವಂಶವೃಕ್ಷಗಳ ಪ್ರಕಾರ ಉಡಕ್ಕೆ ತೆಗುವಿಗಿಂತ ಓತಿಕ್ಯಾತ ಹತ್ತಿರದ ನಂಟ, ಹಾವೂ ಹತ್ತಿರದ ನಂಟ. ಆದರೂ ಉಡಕ್ಕೂ ತೆಗುವಿಗೂ ಒಂದೇ ಬಗೆಯ ಕಸುಬು, ಒಂದೇ ಬಗೆಯ ತಿಂಡಿ, ಆದ್ದರಿಂದ ಒಂದೇ ಬಗೆಯ ಮೈಕಟ್ಟು. ಅಮೆರಿಕ ಖಂಡಗಳಲ್ಲಿ ಇಂದು ಅಲ್ಲಿನದೇ ಆದ ಉಡವಿಲ್ಲ. ಆ ಖಾಲಿ ಜಾಗದಲ್ಲಿ ತೆಗು ಕೂತಿದೆ.

ಉಡ ತೆಗು ಕುಲದಿಂದ ಹೊರಬಂತು. ತೆಗುಗಳ ಮನೆಯೊಳಗಿನ ಗೊಂದಲ ಮಾತ್ರ ಇನ್ನೂ ನೂರಕ್ಕೂ ಹೆಚ್ಚು ವರ್ಷ ನಡೆಯಿತು. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1699ರಲ್ಲಿ ಮರಿಯಾ ಸಿಬಿಲ್ಲಾ ಮೆರಿಯಾನ್ ಎಂಬ ಚಿತ್ರಕಾರ್ತಿ, ವಯಸ್ಸು ಐವತ್ತು ದಾಟಿದಾಕೆ, ಮಗಳನ್ನು ಜೊತೆಗೆ ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದರು. ಹೋದದ್ದು ಹುಳು, ಚಿಟ್ಟೆಗಳ ಜೀವನಚಕ್ರ ನೋಡಲು. 1705ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ಅವರ ಪುಸ್ತಕದ ಒಂದು ಪುಟದಲ್ಲಿ ಮರಗೆಣಸಿನ ಗಿಡ, ಅದರ ಗೆಡ್ಡೆ, ಚಿಟ್ಟೆಗಳು, ಕೆಳಗೆ ಒಂದು ಎಳೆಯ ತೆಗು. ಆ ತೆಗು ಹೊಂಬಣ್ಣದ್ದು. ಸುರಿನಾಮ್‌ನಲ್ಲಿರುವುದೇ ಹೊಂಬಣ್ಣದ ತೆಗು.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ತೆಗುವಿಗೆ ತೆಗುಯಿಕ್ಸಿನ್ ಎಂಬ ಜಾತಿನಾಮ ಕೊಟ್ಟರು. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗುವುದೇ ಆ ವರ್ಷದ ಅವರ ಗ್ರಂಥದಿಂದ. ಮುಂದೆ ಬ್ರೆಜಿಲ್ ಸುತ್ತಿ ಬಂದ ಜರ್ಮನಿಯ ಸ್ಪಿಕ್ಸ್ 1825ರಲ್ಲಿ ಹೊಂಬಣ್ಣದ ತೆಗುವಿಗೆ ಇನ್ನೊಂದು ಹೆಸರಿಟ್ಟರು: ನಿಗ್ರೊಪಂಕ್ಟಾಟಸ್. 1839ರಲ್ಲಿ ಪ್ಯಾರಿಸ್ಸಿನ ದ್ಯುಮೆರಿಲ್ ಮತ್ತು ಬಿಬ್ರೋಂ ಕಪ್ಪು-ಬಿಳಿ ತೆಗುವಿಗೆ ಮೆರಿಯಾನ್ ಅವರ ನೆನಪಿಗಾಗಿ ಮೆರಿಯಾನೆ ಎಂದು ಹೆಸರಿಟ್ಟರು. ಮೆರಿಯಾನ್ ಬರೆದದ್ದು ಒಂದು ತೆಗುವಿನ ಚಿತ್ರ, ಅವರ ಹೆಸರು ಅಂಟಿಕೊಂಡದ್ದು ಇನ್ನೊಂದಕ್ಕೆ, ಆಕೆ ಹೋದ ಸುರಿನಾಮ್‌ನಲ್ಲಿ ಇಲ್ಲವೇ ಇಲ್ಲದ ಒಂದಕ್ಕೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆಮೇಲೆ ಬಂದವರು ಮೆರಿಯಾನೆ ಬೇಡ, ಲಿನೇಯಸ್ ಹೇಳಿದ ತೆಗುಯಿಕ್ಸಿನ್ ಎಂದರೆ ಈ ಕಪ್ಪು-ಬಿಳಿಯದೇ ಎಂದು ತೀರ್ಮಾನಿಸಿಬಿಟ್ಟರು. 1973ರಲ್ಲಿ ಇಡೀ ಕುಲವನ್ನು ಪರಿಷ್ಕರಿಸಿದ ವಿಲಿಯಂ ಪ್ರೆಶ್ ಅವರದ್ದೂ ಅದೇ ಅಭಿಪ್ರಾಯ. 1995ರಲ್ಲಿ ಬ್ರೆಜಿಲ್ಲಿನ ತೆರೆಸಾ ಆವಿಲಾ-ಪಿರೆಸ್ ಅಮೆಜಾನ್ ಹಲ್ಲಿಗಳ ಬಗ್ಗೆ ದೊಡ್ಡ ಗ್ರಂಥ ತಂದಾಗ, ಲಿನೇಯಸ್‌ನ ಹೆಸರು ಆಧರಿಸಿದ್ದ ಹಳೆಯ ಮಾದರಿಗೇ ಹಿಂತಿರುಗಿದರು. ಅದು ಹೊಂಬಣ್ಣದ ತೆಗು! ಆದ್ದರಿಂದ ತೆಗುಯಿಕ್ಸಿನ್ ಎಂಬ ಹೆಸರು ಹೊಂಬಣ್ಣದ್ದಕ್ಕೆ ಹೋಯಿತು, ನಿಗ್ರೊಪಂಕ್ಟಾಟಸ್ ಬಿದ್ದುಹೋಯಿತು, ಕಪ್ಪು-ಬಿಳಿಯದಕ್ಕೆ ಮೆರಿಯಾನೆ ಮರಳಿ ಬಂತು. 2012ರಲ್ಲಿ ಹಾರ್ವೆ, ಉಗೆಟೊ, ಗಟ್‌ಬರ್ಲೆಟ್ ಎಂಬ ಮೂವರು ಕಪ್ಪು-ಬಿಳಿ ಮತ್ತು ಕೆಂಪು ತೆಗುಗಳನ್ನು ಸಾಲ್ವಟೋರ್ ಎಂಬ ಬೇರೆ ಕುಲಕ್ಕೆ ತಂದರು. ಹೊಂಬಣ್ಣದ್ದು ತುಪಿನಾಂಬಿಸ್‌ನಲ್ಲೇ ಉಳಿಯಿತು. ಆದ್ದರಿಂದ 1995ಕ್ಕೆ ಮುಂಚಿನ ಪುಸ್ತಕದಲ್ಲಿ ತೆಗುಯಿಕ್ಸಿನ್ ಎಂದು ಓದಿದರೆ ಯಾವ ಪ್ರಾಣಿಯ ಮಾತು ಎಂದು ಎರಡು ಸಲ ನೋಡಬೇಕು. 1980ರ ದಶಕದಲ್ಲಿ ಅರ್ಜೆಂಟೀನದಿಂದ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ತೆಗು ಚರ್ಮ ಚಪ್ಪಲಿ, ಬೂಟು, ಬೆಲ್ಟುಗಳಿಗಾಗಿ ಹೊರದೇಶಕ್ಕೆ ಹೋಗುತ್ತಿತ್ತು. ಹೆಸರು ಕಲೆಸಿಹೋದರೆ ಯಾವುದರ ಸಂಖ್ಯೆ ಎಷ್ಟು ಇಳಿಯಿತು ಎಂದು ಯಾರು ಲೆಕ್ಕ ಹಾಕುತ್ತಾರೆ?

ಕಪ್ಪು-ಬಿಳಿ ತೆಗುವನ್ನೂ ಹೊಂಬಣ್ಣದ್ದನ್ನೂ ಬೇರೆ ಮಾಡುವ ಗುರುತು ಬಹಳ ಸಣ್ಣದು. ಮೂಗಿನ ಹೊಳ್ಳೆಗೂ ಕಣ್ಣಿಗೂ ನಡುವೆ ಕೆನ್ನೆಯ ಮೇಲೆ ಒಂದು ದೊಡ್ಡ ಹುರುಪೆ ಇದ್ದರೆ ತುಪಿನಾಂಬಿಸ್, ಎರಡಿದ್ದರೆ ಸಾಲ್ವಟೋರ್. ಮರಿ ತೆಗುವಿನ ಬಣ್ಣ ಬೇರೆ, ಮುದಿಯದರ ಬಣ್ಣ ಬೇರೆ, ಪೊರೆ ಬಿಡುವ ಹೊತ್ತಿನಲ್ಲಿ ಎಲ್ಲವೂ ಮಬ್ಬು. ಹುರುಪೆಯ ಲೆಕ್ಕ ಮೊಟ್ಟೆಯೊಡೆದ ದಿನದಿಂದ ಸಾಯುವ ದಿನದವರೆಗೆ ಅಷ್ಟೇ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲನ್ನು ಬಿಚ್ಚಿದ ತಕ್ಷಣ ಅನುಭವಿ ಮನುಷ್ಯ ಬಣ್ಣ ಮಾತ್ರ ನೋಡುವುದಿಲ್ಲ, ಎಲೆಯನ್ನು ಬೆರಳ ನಡುವೆ ಉಜ್ಜಿ ಅದರ ಮೈ, ಎಣ್ಣೆ, ನಾರು ನೋಡುತ್ತಾನೆ. ಹಲ್ಲಿ ಗುರುತಿಸುವವನ ಕೆಲಸವೂ ಅದೇ ಜಾತಿಯದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಇಡೀ ಉಪನ್ಯಾಸ ನಿಂತಿರುವುದು ಅದರ ಮೇಲೆ. ವೈಜ್ಞಾನಿಕ ಹೆಸರು ಕಟ್ಟಿಕೊಂಡಿರುವುದು ವರ್ಣನೆಗೆ ಅಲ್ಲ, ಚಿತ್ರಕ್ಕೂ ಅಲ್ಲ. ಒಂದು ಸಂಗ್ರಹಾಲಯದ ಬಾಟಲಿಯಲ್ಲಿರುವ ಒಂದು ನಿರ್ದಿಷ್ಟ ದೇಹಕ್ಕೆ. ಅದನ್ನು ಮಾದರಿ ಎನ್ನುತ್ತಾರೆ. ವಿವಾದ ಬಂದಾಗ ಆ ಬಾಟಲಿಯೇ ಸಾಕ್ಷಿ. ಲಿನೇಯಸ್‌ನ ತೆಗು ಉಳಿದಿತ್ತು, ಆದ್ದರಿಂದ ಎರಡು ಶತಮಾನ ದಾಟಿದ ಮೇಲಾದರೂ ಗೊಂದಲ ಬಿಡಿಸಬಹುದಾಯಿತು. ಮಾದರಿಯೇ ಕಳೆದುಹೋಗಿದ್ದರೆ?

ಆ ಪ್ರಶ್ನೆ ನಮ್ಮ ಬೇಲಿಯ ಮೇಲೆಯೇ ಕೂತಿದೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂದು ನಮ್ಮವರು ನಂಬಲಾಗದ ಸಾಕ್ಷಿಯನ್ನು ಅಣಕಿಸುತ್ತಾರೆ. ವರ್ಗೀಕರಣದಲ್ಲಿ ಓತಿಕ್ಯಾತಕ್ಕೆ ಬಹುಕಾಲ ಬೇಲಿಯಷ್ಟು ಸಾಕ್ಷಿಯೂ ಇರಲಿಲ್ಲ. ಇದಕ್ಕೆ ವರ್ಸಿಕಲರ್ ಎಂಬ ಹೆಸರು ಕೊಟ್ಟದ್ದು ಅದೇ ದೊದಾಂ, ಅದೇ 1802ರ ಗ್ರಂಥದಲ್ಲಿ. ಈಗ ಅದು ಕ್ಯಾಲೋಟಿಸ್ ವರ್ಸಿಕಲರ್. ದೊದಾಂ ನೋಡಿದ ಪ್ರಾಣಿ ಉಳಿಯಲಿಲ್ಲ, ಅದನ್ನು ಎಲ್ಲಿ ಹಿಡಿದದ್ದು ಎಂಬ ಖಚಿತ ವಿವರವೂ ಇರಲಿಲ್ಲ. ಆದರೂ ಇರಾನಿನ ಅಂಚಿನಿಂದ ಆಗ್ನೇಯ ಏಷ್ಯಾದವರೆಗೆ ಬೇಲಿ ಹತ್ತಿ ತಲೆಯಾಡಿಸುವ ಪ್ರತಿಯೊಂದು ಓತಿಯನ್ನೂ ಇನ್ನೂರು ವರ್ಷ ಇದೇ ಹೆಸರಿನಿಂದ ಕರೆದರು. 2006ರಲ್ಲಿ ಜಾರ್ಜ್ ಝುಗ್ ಮತ್ತು ಸಂಗಡಿಗರು ಮ್ಯಾನ್ಮಾರಿನ ಓತಿಯನ್ನು ಇರಾವದಿ ಎಂಬ ಹೊಸ ಜಾತಿಯಾಗಿ ಬೇರ್ಪಡಿಸಿದರು. ಹಾಗಾದರೆ ನಿಜವಾದ ವರ್ಸಿಕಲರ್ ಯಾವುದು ಎಂಬ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು.

2021ರಲ್ಲಿ ಗೌರಂಗ್ ಗೋವಂಡೆ, ಸೌನಕ್ ಪಾಲ್, ಕಾರ್ತಿಕ್ ಶಂಕರ್ ಮೊದಲಾದ ಭಾರತೀಯರು, ಪಾಕಿಸ್ತಾನದ ರಫಾಕತ್ ಮಸ್ರೂರ್, ಸ್ಲೊವಾಕಿಯಾದ ಡೇನಿಯಲ್ ಯಾಬ್ಲೊನ್‌ಸ್ಕಿ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಹಲವು ಕಡೆಯ ಓತಿಗಳ ಡಿಎನ್‌ಎ, ಹುರುಪೆ, ಅಳತೆ ಎಲ್ಲವನ್ನೂ ಜೋಡಿಸಿ ನೋಡಿ, ಕಳೆದುಹೋದ ಮಾದರಿಯ ಬದಲಿಗೆ ಪುದುಚೇರಿ ಕಡೆಯ ಒಂದು ಓತಿಯನ್ನು ಹೊಸ ಮಾದರಿಯಾಗಿ ನಿಗದಿ ಮಾಡಿದರು. ಗಂಗಾ ಬಯಲಿನ ಓತಿಗೆ ಹಾರ್ಲನ್ 1825ರಲ್ಲಿ ಕೊಟ್ಟು ಮೂಲೆ ಸೇರಿದ್ದ ವಲ್ಚುವೋಸಸ್ ಎಂಬ ಹೆಸರು ಮತ್ತೆ ಚಾಲ್ತಿಗೆ ಬಂತು. ವಾಯವ್ಯದ ಓತಿ ಫಾರೂಕಿ ಎಂಬ ಸ್ವತಂತ್ರ ಜಾತಿಯಾಯಿತು. ದಕ್ಷಿಣದ ಓತಿಕ್ಯಾತಕ್ಕೆ ಹಳೆಯ ಹೆಸರೇ ಉಳಿಯಿತು. ಗಡಿಯಾಚೆ ಈಚೆಯವರು ಒಂದು ಓತಿಯ ಮೇಲೆ ಕೂಡಿ ಕೆಲಸ ಮಾಡಿದ್ದು ನನಗೆ ಈ ಪ್ರಬಂಧದಲ್ಲಿ ಇಷ್ಟವಾದ ಇನ್ನೊಂದು ಸಂಗತಿ.

ಇದು ಹೆಸರುಗಳ ಪಂಡಿತರ ಆಟ ಎಂದು ತಳ್ಳಿಹಾಕುವವರಿದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈದಾಪುರ, ಶಾನಭಾಗ ಮತ್ತು ಅವರ ಶಿಷ್ಯರು ಓತಿಕ್ಯಾತದ ಸಂತಾನೋತ್ಪತ್ತಿಯ ಬಗ್ಗೆ ದಶಕಗಳ ಕಾಲ ದುಡಿದಿದ್ದಾರೆ. ಮೊಟ್ಟೆಗೆ ತಾಗುವ ಶಾಖ ಮರಿಯ ಲಿಂಗವನ್ನು ಪ್ರಭಾವಿಸುತ್ತದೆ ಎಂಬುದು ಅಲ್ಲಿಂದ ಹೊರಬಂದ ಮಹತ್ವದ ತಿಳಿವಳಿಕೆ. ಇದೇ ಹೆಸರಿನ ಪ್ರಾಣಿಯ ಮೇಲೆ ಗಂಗಾ ಬಯಲಿನಲ್ಲೂ ಆಗ್ನೇಯ ಏಷ್ಯಾದಲ್ಲೂ ಪ್ರಯೋಗಗಳು ನಡೆದಿವೆ. ಒಂದು ಊರಿನ ಫಲಿತಾಂಶ ಇನ್ನೊಂದರ ಜೊತೆ ತಾಳೆಯಾಗದಿದ್ದರೆ ಹವೆಯ ವ್ಯತ್ಯಾಸವೋ, ಪ್ರಾಣಿಯೇ ಬೇರೆಯೋ? ಹೆಸರು ಸರಿಯಾಗುವ ಮುನ್ನ ಈ ಪ್ರಶ್ನೆಯನ್ನು ಕೇಳುವುದಕ್ಕೂ ಆಗುತ್ತಿರಲಿಲ್ಲ.

ಈಗ ನಮ್ಮ ಹಿತ್ತಲಿಗೆ ಬರೋಣ. ಮುಂಗಾರಿನ ಹೊತ್ತಿಗೆ ಗಂಡು ಓತಿಕ್ಯಾತದ ತಲೆ, ಹೆಗಲು ಕೆಂಪೇರಿ ಗಂಟಲ ಪಕ್ಕ ಕಪ್ಪು ಮಚ್ಚೆ ಮೂಡುತ್ತದೆ. ಇಂಗ್ಲಿಷರು ಆ ಕೆಂಪು ಕಂಡು ರಕ್ತ ಹೀರುವ ಪ್ರಾಣಿ ಎಂದರು. ಅದು ಯಾರ ರಕ್ತವನ್ನೂ ಹೀರುವುದಿಲ್ಲ. ಹೆದರಿದಾಗ, ಸೋತಾಗ, ತಣ್ಣನೆಯ ಬೆಳಗಿನಲ್ಲಿ ಅದೇ ಪ್ರಾಣಿ ಬೂದು. ಆದ್ದರಿಂದ ಬಣ್ಣ ಹಿಡಿದು ಜಾತಿ ಹೇಳಬಾರದು. ಕಿವಿಯ ತಮಟೆಯ ಮೇಲೆ ನೋಡಿ: ಒಂದಕ್ಕೊಂದು ತಾಗದ ಎರಡು ಸಣ್ಣ ಮುಳ್ಳುಗಳಿರುತ್ತವೆ. ಪಕ್ಕೆಯ ಹುರುಪೆಗಳ ತುದಿ ಹಿಂದಕ್ಕೂ ಮೇಲಕ್ಕೂ ಚಾಚಿರುತ್ತದೆ. ಹೆಗಲ ಮುಂದೆ ಚರ್ಮದ ಮಡಿಕೆ ಇಲ್ಲ. ಮೈಯ ನಡುಭಾಗದಲ್ಲಿ ಸುತ್ತ ಎಣಿಸಿದರೆ 35ರಿಂದ 52 ಹುರುಪೆ. ಕೊಡಗಿನ ಕಡೆಯ ಒದ್ದೆ ಕಾಡಿಗೆ ಹೋದರೆ ಹೆಗಲ ಮುಂದೆ ಮಡಿಕೆ ಇರುವ ಸಣ್ಣ ಓತಿಯೊಂದು ಸಿಗುತ್ತದೆ. ಅದನ್ನೂ ಬಹುಕಾಲ ಕ್ಯಾಲೋಟಿಸ್ ಎಂದೇ ಕರೆಯುತ್ತಿದ್ದರು, 2018ರಲ್ಲಿ ಮೋನಿಲೆಸಾರಸ್ ಎಂಬ ಹೊಸ ಕುಲಕ್ಕೆ ಹೋಯಿತು.

ಮೈಸೂರು ಸೀಮೆಯ ಬಂಡೆಗಳ ಮೇಲೆ ಬೆನ್ನು ಕೆಂಪು, ಕೆಳಮೈ ಕಪ್ಪಾಗಿ ಬಿಸಿಲು ಕಾಯಿಸುವ ಚಪ್ಪಟೆ ಮೈಯ ಓತಿ ಬೇರೆ ಕುಲದ್ದು, ಸ್ಯಾಮೊಫಿಲಸ್. ಅದರ ಮೈ ಸುತ್ತ ನೂರಕ್ಕೂ ಮೇಲೆ ಹುರುಪೆ, ಅಷ್ಟು ಸಣ್ಣವು, ಬೆನ್ನ ಮೇಲೆ ಓತಿಕ್ಯಾತದ ಜುಟ್ಟೂ ಇಲ್ಲ. ಒಣ ಬಯಲಿನಲ್ಲಿ ಗಂಟಲ ಬೀಸಣಿಗೆ ಬಿಚ್ಚುವ ಓತಿಯ ಹಿಂಗಾಲು ನೋಡಿ, ಬೆರಳು ನಾಲ್ಕೇ. ಗೋಸುಂಬೆ ನಮ್ಮಲ್ಲಿ ಇರುವುದು ಒಂದೇ ಜಾತಿ: ಬೆರಳುಗಳು ಇಕ್ಕಳದಂತೆ ಎರಡು ಕಂತೆಯಾಗಿರುತ್ತವೆ, ಕಣ್ಣುಗಳು ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಬಣ್ಣ ಬದಲಿಸಿತು ಎಂಬ ಒಂದೇ ಕಾರಣಕ್ಕೆ ಓತಿಕ್ಯಾತವನ್ನು ಗೋಸುಂಬೆ ಎನ್ನುವ ಪತ್ರಿಕೆಗಳ ಅಭ್ಯಾಸವನ್ನು ಇಲ್ಲಿರುವ ವಿದ್ಯಾರ್ಥಿಗಳಾದರೂ ಬಿಡಲಿ. ಹಾವುರಾಣಿಗೆ ವಿಷವಿಲ್ಲ. ಅದನ್ನು ಕಂಡಲ್ಲೆಲ್ಲ ಕೊಲ್ಲುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಓತಿ ಎಂದ ಮೇಲೆ ಕನ್ನಡದ ಸಭೆಯಲ್ಲಿ 'ಕರ್ವಾಲೊ' ನೆನಪಾಗದೆ ಇರುವುದಿಲ್ಲ. 1980ರಲ್ಲಿ ಬಂದ ತೇಜಸ್ವಿಯವರ ಆ ಕಾದಂಬರಿ ಹಾರುವ ಓತಿಯ ಬೆನ್ನು ಹತ್ತುತ್ತದೆ. ಮಲೆನಾಡಿನ ತೋಟ, ಕಾಡುಗಳಲ್ಲಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯ ಹೆಸರು ಡ್ರಾಕೊ ದುಸುಮಿಯೇರಿ. ಅದಕ್ಕೆ 1837ರಲ್ಲಿ ಹೆಸರಿಟ್ಟವರು ಯಾರು ಗೊತ್ತೇ? ದ್ಯುಮೆರಿಲ್ ಮತ್ತು ಬಿಬ್ರೋಂ, ಎರಡು ವರ್ಷದ ನಂತರ ತೆಗುವಿಗೆ ಮೆರಿಯಾನೆ ಎಂದ ಅದೇ ಜೋಡಿ. ಜಗತ್ತಿನ ಹಲ್ಲಿಗಳೆಲ್ಲ ಒಂದೇ ಕಟ್ಟಡಕ್ಕೆ ಬಂದು ಬೀಳುತ್ತಿದ್ದ ಕಾಲ ಅದು. ಹಿಡಿದವರ ಊರು ಇಲ್ಲಿ, ಮಾದರಿ ಅಲ್ಲಿ. ನಮ್ಮ ಪ್ರಾಣಿಯ ಗುರುತು ಖಚಿತವಾಗಬೇಕಾದರೆ ನಾವು ಪ್ಯಾರಿಸ್ಸಿಗೋ ಲಂಡನ್ನಿಗೋ ಹೋಗಬೇಕಾದ ಸ್ಥಿತಿ ಆಗ ಹುಟ್ಟಿದ್ದು. ಪುದುಚೇರಿಯ ಓತಿ ಈಗ ಹೊಸ ಮಾದರಿಯಾಗಿರುವುದರ ತೂಕ ಇದರಿಂದ ತಿಳಿಯುತ್ತದೆ.

ಇನ್ನು ಕಾನೂನಿನ ಮಾತು. ಉಡ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಹುಲಿ, ಆನೆಗಳ ಸಾಲಿನಲ್ಲಿ. ಹಿಡಿದರೂ ಕೊಂದರೂ ಮೂರರಿಂದ ಏಳು ವರ್ಷ ಜೈಲು. ಆದರೂ 2017ರಲ್ಲಿ ದೇಶದಾದ್ಯಂತ ಬಯಲಾದ ಒಂದು ವ್ಯಾಪಾರ ಉಡದ್ದೇ. ಹತ್ತಾ ಜೋಡಿ ಎಂಬ ಹೆಸರಿನಲ್ಲಿ, ಅದೃಷ್ಟ ತರುವ ಅಪರೂಪದ ಬೇರು ಎಂದು ಅಂತರ್ಜಾಲದಲ್ಲಿ ಮಾರುತ್ತಿದ್ದುದು ಗಂಡು ಉಡದ ಒಣಗಿಸಿದ ಜನನಾಂಗ. ಪೂಜೆಯ ಕೋಣೆಯಲ್ಲಿ ಕುಂಕುಮ ಹಚ್ಚಿ ಇಟ್ಟವರಿಗೆ ಅದೇನೆಂದು ತಿಳಿದಿರಲಿಲ್ಲ. ಕೆಲವು ಪ್ಲಾಸ್ಟಿಕ್ಕಿನ ನಕಲು. ವಿಚಿತ್ರವೆಂದರೆ ಹಲ್ಲಿಗಳ ವರ್ಗೀಕರಣದಲ್ಲಿ ಅದೇ ಅಂಗದ ರಚನೆ ಜಾತಿಗಳನ್ನು ಬೇರೆ ಮಾಡುವ ಒಳ್ಳೆಯ ಗುರುತು. ತಜ್ಞರು ಅದನ್ನು ನೋಡಿದ ತಕ್ಷಣ ಬೇರಲ್ಲ ಎಂದರು.

ತೆಗುವಿಗೂ ನಮ್ಮ ಕಾನೂನು ಈಗ ಅನ್ವಯಿಸುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದಲ್ಲಿರುವ ವಿದೇಶಿ ಪ್ರಾಣಿಗಳಿಗಾಗಿ ಕಾಯ್ದೆಯಲ್ಲಿ ಪ್ರತ್ಯೇಕ ಅನುಸೂಚಿ ಬಂದಿದೆ. ಅಂಥದ್ದನ್ನು ಸಾಕುವವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ತೆಗು, ಹಸಿರು ಇಗ್ವಾನ ಎರಡೂ ಆ ಪಟ್ಟಿಯಲ್ಲಿವೆ. ಅಮೆರಿಕದ ಫ್ಲೋರಿಡಾದಲ್ಲಿ ಸಾಕಿದವರು ಬಿಟ್ಟ, ತಪ್ಪಿಸಿಕೊಂಡ ತೆಗುಗಳು ಕಾಡು ಸೇರಿ ಮೊಸಳೆ, ಆಮೆ, ಹಕ್ಕಿಗಳ ಮೊಟ್ಟೆ ತಿನ್ನುತ್ತಿವೆ. ಕಬಿನಿಯ ಹಿನ್ನೀರಿನ ದಡ ಅದಕ್ಕೆ ಒಗ್ಗದ ಜಾಗವೇನಲ್ಲ. ಲಂಟಾನದ ಪಾಠ ಒಂದು ಸಾಲದೇ?

ಆದ್ದರಿಂದ ಶಿಕ್ಷಕರಲ್ಲಿ ಒಂದು ಕೋರಿಕೆ. ದೊಡ್ಡ ಓತಿಕ್ಯಾತ, ವಿಚಿತ್ರ ಉಡ ಎಂದು ಮಕ್ಕಳು ಬಂದು ಹೇಳಿದಾಗ ಬೈದು ಕಳಿಸಬೇಡಿ. ಕಿವಿಯ ಕೆಳಗೆ ಒಂದೇ ಒಂದು ದೊಡ್ಡ ದುಂಡನೆಯ ಹುರುಪೆ ಇದ್ದರೆ ಅದು ಹಸಿರು ಇಗ್ವಾನ, ತಲೆಯ ಮೇಲೆ ದೊಡ್ಡ ಫಲಕಗಳೂ ಸೀಳು ನಾಲಗೆಯೂ ಇದ್ದರೆ ತೆಗು. ಯಾವುದೇ ಆದರೂ ಅರಣ್ಯ ಇಲಾಖೆಗೆ ತಿಳಿಸಿ. ನಮ್ಮದೇ ಪ್ರಾಣಿಯಾದರೆ ಹಿಡಿಯಬೇಡಿ, ಚಿತ್ರ ತೆಗೆಯಿರಿ: ತಲೆ ಪಕ್ಕದಿಂದ, ಕಿವಿ ಸ್ಪಷ್ಟವಾಗಿ ಕಾಣುವಂತೆ. ತಲೆ ಮೇಲಿನಿಂದ, ಪಕ್ಕೆಯ ಹುರುಪೆ, ಹಿಂಗಾಲಿನ ಬೆರಳು, ಬಾಲದ ತುದಿಯವರೆಗೆ ಪೂರ್ತಿ ಮೈ. ತಾರೀಖು, ಊರು, ಬೇಲಿಯೋ ಬಂಡೆಯೋ ಮರವೋ ಎಂದು ಬರೆಯಿರಿ. ಐನ್ಯಾಚುರಲಿಸ್ಟ್‌ನಂಥ ತಾಣದಲ್ಲಿ ಹಾಕಿದರೆ ತಿಳಿದವರು ನೋಡಿ ಹೇಳುತ್ತಾರೆ. ದೊದಾಂ ಬರೆದಿಡದೆ ಹೋದದ್ದು ಊರಿನ ಹೆಸರೊಂದನ್ನು. ಅದನ್ನು ಸರಿಪಡಿಸಲು 219 ವರ್ಷ ಬೇಕಾಯಿತು.

ಓತಿಕ್ಯಾತದ ಚಿತ್ರಕ್ಕೆ ಊರು, ಬೀದಿ ಎಲ್ಲವನ್ನೂ ಧಾರಾಳವಾಗಿ ಬರೆಯಿರಿ. ಉಡದ ಚಿತ್ರಕ್ಕೆ ಮಾತ್ರ ತಾಲ್ಲೂಕಿನ ಹೆಸರಿಗೆ ನಿಲ್ಲಿಸಿ, ನಿಖರವಾದ ಜಾಗವನ್ನು ಯಾರಿಗೂ ಕಾಣದಂತೆ ಮರೆಮಾಡಿ.